ಪುಟಗಳ ಲೆಕ್ಕ, ಕಾಯುವಿಕೆಯ ಲೆಕ್ಕ

ಮೆಮೊರಿ ತುಂಬಿ ಬಂದಾಗ ಹಳೆಯ ಪುಟಗಳನ್ನು ತೆರವುಗೊಳಿಸಿ ಹೊಸ ಬೇಡಿಕೆಗಳಿಗೆ ಎಡೆಮಾಡಿಕೊಡುವ ತನ್ನ ಶ್ರಮವನ್ನು ಲಿನಕ್ಸ್ ಕರ್ನೆಲ್ಲು ತಾನೇ ಎಣಿಸಿ, ಆ ಎಣಿಕೆಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ‘ವಿಎಂಸ್ಟ್ಯಾಟ್’ ಎಂಬ ಕಡತದಲ್ಲಿ ಎಲ್ಲರ ಮುಂದಿಡುತ್ತದೆ. ಈ ಔದಾರ್ಯವು ಪ್ರಶಂಸೆಗೆ ಅರ್ಹವಾದದ್ದು. ಮುಲುಂಡಿನಿಂದ ಐರೋಲಿ ಸೇತುವೆಯನ್ನು ದಾಟಿ, ಥಾಣೆ ಖಾರಿಯ ಆಚೆ ದಡದ ಕಚೇರಿಗಳಿಗೂ ಡೇಟಾ ಸೆಂಟರುಗಳಿಗೂ ಹೋಗಿ ಸರ್ವರುಗಳನ್ನು ನೋಡಿಕೊಳ್ಳುವ ಉದ್ಯೋಗವನ್ನು ಕೈಕೊಂಡವರಿಗೆ, ಯಂತ್ರವೊಂದು ಕಾರಣ ತಿಳಿಯದೆ ಮಂದವಾದಾಗ ಆಸರೆಯಾಗುವುದು ಈ ಕಡತವೇ. ಆದುದರಿಂದಲೇ ಅದರ ಗುಣದೋಷಗಳನ್ನು ಗಂಭೀರವಾಗಿ ಪರಿಶೀಲಿಸುವುದು ಯುಕ್ತ.

ಎಣಿಕೆಯ ಹಿಂದಿರುವ ಕ್ರಿಯೆ ಹೀಗೆ. ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಾಗಿ ವಿಂಗಡವಾದ ಮೆಮೊರಿಗೆ ಕನಿಷ್ಠ, ಕೆಳ, ಮೇಲು ಎಂಬ ಮೂರು ಮಟ್ಟಗಳನ್ನು ಗೊತ್ತುಮಾಡಿದೆ. ಖಾಲಿ ಪುಟಗಳು ಕೆಳಮಟ್ಟಕ್ಕಿಂತ ಇಳಿದೊಡನೆ ‘ಕೆಸ್ವಾಪ್‌ಡಿ’ ಎಂಬ ಹಿನ್ನೆಲೆಯ ಸೇವಕನು ಎಚ್ಚತ್ತು, ಮೇಲುಮಟ್ಟ ಮುಟ್ಟುವವರೆಗೆ ಪುಟಗಳನ್ನು ತೆರವು ಮಾಡುತ್ತಾನೆ. ಅವನ ಕೈ ಸಾಲದೆ ಖಾಲಿ ಪುಟಗಳು ಕನಿಷ್ಠ ಮಟ್ಟಕ್ಕಿಂತಲೂ ಇಳಿದುಹೋದರೆ, ಮೆಮೊರಿಯನ್ನು ಬೇಡಿಬಂದ ಪ್ರೋಸೆಸ್ಸೇ ತನ್ನ ಸ್ವಂತ ಕೆಲಸವನ್ನು ನಿಲ್ಲಿಸಿ ತೆರವಿನ ದುಡಿಮೆಗೆ ನಿಲ್ಲಬೇಕಾಗುತ್ತದೆ. ಪರಿಶೀಲಿಸಿದ ಪುಟಗಳು ‘ಪಿಜಿಸ್ಕ್ಯಾನ್’ ಎಂಬ ಹೆಸರಿನಲ್ಲಿಯೂ, ದಕ್ಕಿದ ಪುಟಗಳು ‘ಪಿಜಿಸ್ಟೀಲ್’ ಎಂಬ ಹೆಸರಿನಲ್ಲಿಯೂ, ಸೇವಕನಿಂದಾದದ್ದು ಬೇರೆ, ಪ್ರೋಸೆಸ್ಸಿನಿಂದಾದದ್ದು ಬೇರೆ ಎಂದು ದಾಖಲಾಗುತ್ತವೆ. ನೂರು ಪುಟಗಳನ್ನು ನೋಡಿ ತೊಂಬತ್ತನ್ನು ಪಡೆಯುವ ಯಂತ್ರಕ್ಕೂ, ನೂರನ್ನು ನೋಡಿ ಐದನ್ನು ಪಡೆಯುವ ಯಂತ್ರಕ್ಕೂ ಇರುವ ಅಂತರವನ್ನು ಈ ಎರಡು ಅಂಕೆಗಳು ಸ್ಫುಟವಾಗಿ ತೋರಿಸಬಲ್ಲವು.

ದೋಷವು ಕಾಣುವುದು ಈ ಅಂಕೆಗಳು ಯಾರವು, ಎಲ್ಲಿಯವು ಎಂದು ಕೇಳಿದಾಗ. 2008ರ ಏಪ್ರಿಲಿನಲ್ಲಿ ಹೊರಬಂದ 2.6.25ನೆಯ ಆವೃತ್ತಿಯಲ್ಲಿ, ಪ್ರೋಸೆಸ್ಸುಗಳ ಒಂದೊಂದು ಗುಂಪಿಗೂ ಮೆಮೊರಿಯ ಮಿತಿಯನ್ನು ಪ್ರತ್ಯೇಕವಾಗಿ ವಿಧಿಸುವ ವ್ಯವಸ್ಥೆ ಸೇರಿತು. ಬೆಂಗಳೂರಿನ ಐಬಿಎಂ ಸಂಸ್ಥೆಯಲ್ಲಿದ್ದ ಬಲಬೀರ್ ಸಿಂಗ್ ಅದರ ಪ್ರಧಾನ ಕರ್ತೃಗಳಲ್ಲೊಬ್ಬರು. ಇಂದಿನ ಕಂಟೇನರುಗಳ ಲೋಕವೆಲ್ಲ ಆ ಅಡಿಪಾಯದ ಮೇಲೆ ನಿಂತಿದೆಯೆಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಗುಂಪೊಂದು ತನ್ನ ಮಿತಿಯನ್ನು ಮುಟ್ಟಿದ್ದರಿಂದ ನಡೆದ ತೆರವು ಆ ಗುಂಪಿನ ಲೆಕ್ಕಕ್ಕೆ ಸೇರಿತೇ ಹೊರತು, ಬಹುಕಾಲ ಇಡೀ ಯಂತ್ರದ ಪಿಜಿಸ್ಕ್ಯಾನ್ ಲೆಕ್ಕಕ್ಕೆ ಸೇರಲಿಲ್ಲ. ಹೀಗಿರುತ್ತ, ಅನಂತರ ಅದೇ ಕಡತಕ್ಕೆ ಬಂದ, ಪುಟಗಳು ಯಾವ ಬಗೆಯವೆಂದು ವಿಂಗಡಿಸಿ ಹೇಳುವ ಎಣಿಕೆಗಳು ಮಾತ್ರ ಗುಂಪಿನದು, ಇಡೀ ಯಂತ್ರದ್ದು ಎಂಬ ಎರಡು ವಿಧದ ತೆರವನ್ನೂ ಒಟ್ಟಿಗೆ ಕೂಡಿಕೊಂಡವು. ಒಂದೇ ಕಡತದ ಎರಡು ಸಾಲುಗಳನ್ನು ಕೂಡಿದ ಮೊತ್ತವೂ, ಬೇರೆ ಎರಡು ಸಾಲುಗಳನ್ನು ಕೂಡಿದ ಮೊತ್ತವೂ ಏತಕ್ಕೆ ತಾಳೆಯಾಗಲಿಲ್ಲವೆಂದು ಕರ್ನೆಲ್ಲಿನ ಮೂಲಪಾಠವನ್ನು ಓದದೆ ಯಾರೂ ಊಹಿಸಲಾರರು. ಲೆಕ್ಕ ಬರೆಯುವವನಿಗೆ ಇದು ಅಲ್ಪವಾದ ಅಸಂಗತಿ. ಓದುವವನಿಗೆ ಗೊಂದಲದ ಮೂಲ.

ಎರಡನೆಯ ಕೊರತೆ ಇದಕ್ಕಿಂತ ಗುರುತರ. ದೊಡ್ಡ ಸರ್ವರುಗಳಲ್ಲಿ ಮೆಮೊರಿಯು ‘ನೋಡು’ ಎಂಬ ಹೆಸರಿನ ಹಲವು ಭಾಗಗಳಾಗಿ ಹಂಚಿಹೋಗಿದ್ದು, ಒಂದೊಂದು ನೋಡಿಗೂ ಅದರದೇ ಕೆಸ್ವಾಪ್‌ಡಿ ಉಂಟು. ಆದರೂ ತೆರವಿನ ಎಣಿಕೆಯು ಬಹುಕಾಲ ಇಡೀ ಯಂತ್ರಕ್ಕೆ ಒಂದೇ ಆಗಿತ್ತು. ಮುಂಬಯಿಗೆ ನೀರೊದಗಿಸುವ ಏಳು ಸರೋವರಗಳ ಒಟ್ಟು ಸಂಗ್ರಹವನ್ನು ಪತ್ರಿಕೆಯಲ್ಲಿ ಓದಿ, ಮುಲುಂಡಿನ ಒಂದು ಕಟ್ಟಡದ ಮೇಲಂತಸ್ತಿಗೆ ಅಂದು ನೀರೇರಿತೋ ಇಲ್ಲವೋ ಎಂದು ಹೇಳಬರುವುದೆ? ಖಾಲಿ ಮೆಮೊರಿ ಹೇರಳವಾಗಿರುವಾಗಲೂ ತೆರವು ಭರದಿಂದ ಸಾಗುತ್ತಿದ್ದರೆ, ಒಂದು ನೋಡು ಬಳಲುತ್ತಿದೆಯೆಂಬ ಸಂಶಯ ಸಹಜವಾಗಿ ಹುಟ್ಟುತ್ತದೆ. ಆ ನೋಡು ಯಾವುದೆಂಬುದನ್ನು ಒಟ್ಟು ಮೊತ್ತವು ಹೇಳುವುದಿಲ್ಲ. ತೆರವಿನ ಎಣಿಕೆಗಳನ್ನು ನೋಡುವಾರಾಗಿ ಇಡಬೇಕೆಂಬ ಪ್ರಯತ್ನ ನ್ಯಾಯವಾದದ್ದು. ಅದು ಇಷ್ಟು ತಡವಾಗಬಾರದಾಗಿತ್ತು.

ಇವೆರಡೂ ತಿದ್ದಿಕೊಳ್ಳಬಹುದಾದ ತಪ್ಪುಗಳು. ಪುಟಗಳನ್ನೆಣಿಸುವ ಪದ್ಧತಿಗೇ ಅಂಟಿಬಂದ ಮಿತಿ ಬೇರೆಯದು: ಅದು ಕರ್ನೆಲ್ಲಿನ ದುಡಿಮೆಯನ್ನು ಅಳೆಯುತ್ತದೆ, ಬೇಡಿಬಂದವನ ಕಾಯುವಿಕೆಯನ್ನು ಅಳೆಯುವುದಿಲ್ಲ. ಹತ್ತು ಸಾವಿರ ಪುಟಗಳು ಕ್ಷಣಾರ್ಧದಲ್ಲಿ ತೆರವಾಗಬಹುದು. ನೂರು ಪುಟಗಳಿಗಾಗಿ ಡೇಟಾಬೇಸೊಂದು ಡಿಸ್ಕಿನ ಮುಂದೆ ನಿಂತುಬಿಡಬಹುದು. ಈ ವಿಚಾರದಲ್ಲಿ ನನಗೆ ಅತ್ಯಂತ ಗೌರವವಿರುವುದು ಐಬಿಎಂನ ಶೈಲಾಭ್ ನಾಗರ್ ಮತ್ತು ಬಲಬೀರ್ ಸಿಂಗ್ ರೂಪಿಸಿ 2006ರಲ್ಲಿ ಕರ್ನೆಲ್ಲಿಗೆ ಸೇರಿಸಿದ ವಿಳಂಬಗಣನೆಯ ಮೇಲೆ. ಒಂದೊಂದು ಪ್ರೋಸೆಸ್ಸೂ ಪ್ರೊಸೆಸರಿಗಾಗಿ ಎಷ್ಟು ಕಾದಿತು, ಡಿಸ್ಕಿಗಾಗಿ ಎಷ್ಟು ಕಾದಿತು ಎಂದು ಬರೆದಿಡುವ ಆ ಪುಸ್ತಕಕ್ಕೆ 2008ರಲ್ಲಿ ಕೇಯಿಕಾ ಕೊಬಾಯಾಶಿಯವರ ಕೈಯಿಂದ ಮೆಮೊರಿ ತೆರವಿನ ಅಂಕಣವೂ ಕೂಡಿಕೊಂಡಿತು. ಹತ್ತು ವರ್ಷಗಳ ತರುವಾಯ, 2018ರಲ್ಲಿ, ಫೇಸ್‌ಬುಕ್ಕಿನ ಯೋಹಾನೆಸ್ ವೈನರ್ ತಂದ ಒತ್ತಡಮಾಪಕವು ಇದೇ ದೃಷ್ಟಿಯನ್ನು ಇಡೀ ಯಂತ್ರಕ್ಕೂ ಗುಂಪುಗಳಿಗೂ ವಿಸ್ತರಿಸಿ, ಕೆಲವರಾದರೂ ಕಾದ ಕಾಲವೆಷ್ಟು, ಎಲ್ಲರೂ ಏಕಕಾಲಕ್ಕೆ ನಿಂತುಹೋದ ಕಾಲವೆಷ್ಟು ಎಂಬುದನ್ನು 10, 60, 300 ಸೆಕೆಂಡುಗಳ ಸರಾಸರಿಯಾಗಿ ಕೊಟ್ಟಿತು. ಸರ್ವರಿನ ಆರೋಗ್ಯವನ್ನು ತಿಳಿಯಬಯಸುವವರು ಮೊದಲು ಈ ಸರಾಸರಿಗಳನ್ನು ನೋಡಿ, ಬಳಿಕ ಕಾರಣವನ್ನು ಅರಸುತ್ತ ಪಿಜಿಸ್ಕ್ಯಾನ್, ಪಿಜಿಸ್ಟೀಲುಗಳಿಗೆ ಬರುವುದು ಸರಿಯಾದ ಕ್ರಮ.

ಇಷ್ಟಾಗಿಯೂ 2021ರ 5.14ನೆಯ ಆವೃತ್ತಿಯಿಂದೀಚೆಗೆ ಪ್ರೋಸೆಸ್ಸುವಾರಾದ ಆ ವಿಳಂಬಗಣನೆಯು ತಾನಾಗಿ ನಡೆಯುವುದಿಲ್ಲ. ಯಂತ್ರವನ್ನು ಆರಂಭಿಸುವಾಗ ಕೇಳಿಕೊಂಡರೆ, ಇಲ್ಲವೆ ಆಮೇಲೆ ಒಂದು ಸಿಸ್ಟಮ್ ಸೆಟ್ಟಿಂಗನ್ನು ಬದಲಿಸಿದರೆ ಮಾತ್ರ ನಡೆಯುತ್ತದೆ. ಎಣಿಸುವುದಕ್ಕೂ ವೆಚ್ಚವುಂಟೆಂಬ ವಾದದಲ್ಲಿ ಹುರುಳಿದೆ. ಆದರೆ ಯಂತ್ರವು ನಡುರಾತ್ರಿ ನಿಂತುಹೋದ ಮೇಲೆ ಸೆಟ್ಟಿಂಗನ್ನು ಬದಲಿಸಿದರೆ, ಅದಕ್ಕೆ ಹಿಂದಿನ ಕಾಯುವಿಕೆಯ ಕಾಲವು ಯಾವ ಅಂಕಣದಲ್ಲಿಯೂ ಸಿಕ್ಕುವುದಿಲ್ಲ. ಅನೇಕರ ವ್ಯವಹಾರವನ್ನು ಹೊತ್ತ ಸರ್ವರುಗಳಲ್ಲಾದರೂ ಅದನ್ನು ಮೊದಲ ದಿನದಿಂದಲೇ ಚಾಲೂ ಇಡಬೇಕೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.