ಸೆರೆಮನೆಯ ಧಾರಾವಾಹಿಯಲ್ಲಿ ರಸವೂ ಔಚಿತ್ಯವೂ

ಕಾವ್ಯದಲ್ಲಿ ದುಃಖವೂ ಆಸ್ವಾದ್ಯವಾಗುವುದು ಹೇಗೆಂಬ ಪ್ರಶ್ನೆ ನಮ್ಮ ಲಾಕ್ಷಣಿಕರನ್ನು ಬಹುಕಾಲ ಕಾಡಿತು. ಸಹೃದಯನು ಪಾತ್ರದ ಶೋಕವನ್ನು ತನ್ನದೆಂದಾಗಲಿ ಪರರದೆಂದಾಗಲಿ ಎಣಿಸದೆ, ಸಾಧಾರಣೀಕರಣದ ಬಲದಿಂದ ಅದನ್ನು ರಸವಾಗಿ ಸವಿಯುತ್ತಾನೆ ಎಂಬುದು ಅಭಿನವಗುಪ್ತನ ಪರಂಪರೆಯ ಸಮಾಧಾನ. ಸೀತಾಪರಿತ್ಯಾಗದ ಕಥೆಗೆ ಈ ಸಮಾಧಾನ ಚೆನ್ನಾಗಿ ಒಪ್ಪುತ್ತದೆ. ಆದರೆ ಇಂದಿಗೂ ನಮ್ಮ ನಡುವೆ ನಡೆದುಬರುತ್ತಿರುವ ಒಂದು ಸಂಸ್ಥೆಯ ಕಥೆಗೆ ಅದು ಅಷ್ಟೇ ಸುಲಭವಾಗಿ ಒಪ್ಪೀತೆ? ಸೆರೆಮನೆಯ ಗೋಡೆಗಳಾಚೆ ಈ ಹೊತ್ತು ಕೂಡ ಹೆಂಗಸರು ದಿನವೆಣಿಸುತ್ತಿದ್ದಾರೆ. ಅವರ ಬಾಳನ್ನು ಹೋಲುವ ನಾಟಕವನ್ನು ಮನೆಯಲ್ಲಿ ಕುಳಿತು ಸಂತೋಷದಿಂದ ನೋಡುವುದು ಉಚಿತವೆ? ಆಸ್ಟ್ರೇಲಿಯದಲ್ಲಿ ನಿರ್ಮಿತವಾದ ಎರಡು ಧಾರಾವಾಹಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಮೊದಲನೆಯದು 'ಪ್ರಿಸನರ್'. ರೆಜ್ ವಾಟ್ಸನ್ ರೂಪಿಸಿದ ಈ ಧಾರಾವಾಹಿ 1979ರಿಂದ 1986ರವರೆಗೆ 692 ಕಂತುಗಳಲ್ಲಿ ಪ್ರಸಾರವಾಯಿತು. ಬ್ರಿಟನ್, ಅಮೆರಿಕಗಳಲ್ಲಿ ಇದೇ ಹೆಸರಿನ ಬೇರೊಂದು ಧಾರಾವಾಹಿಯೊಡನೆ ಗೊಂದಲವಾಗದಿರಲೆಂದು ಇದನ್ನು 'ಪ್ರಿಸನರ್: ಸೆಲ್ ಬ್ಲಾಕ್ ಎಚ್' ಎಂದು ಕರೆದರು. ಎರಡನೆಯದು, ಅದೇ ಕಥಾವಸ್ತುವನ್ನು ಹೊಸದಾಗಿ ಕಟ್ಟಿ 2013ರಿಂದ 2021ರವರೆಗೆ 100 ಕಂತುಗಳಲ್ಲಿ ತೋರಿಸಿದ 'ವೆಂಟ್‌ವರ್ತ್'. ಎರಡೂ ನಡೆಯುವುದು ವೆಂಟ್‌ವರ್ತ್ ಎಂಬ ಕಲ್ಪಿತ ಸ್ತ್ರೀ ಕಾರಾಗೃಹದಲ್ಲಿ. ಪಾತ್ರಗಳ ಹೆಸರುಗಳೂ ಬಹುಮಟ್ಟಿಗೆ ಒಂದೇ. ಒಂದೇ ವಸ್ತು ಎರಡು ಕಾಲಗಳಲ್ಲಿ ಎರಡು ಆಕಾರ ತಳೆದಾಗ ರಸದ ಸ್ವರೂಪ ಹೇಗೆ ಬದಲಾಗುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

'ಪ್ರಿಸನರ್'ಗಿಂತ ಮೊದಲು ಬ್ರಿಟನ್ನಿನಲ್ಲಿ 1974ರಿಂದ 1978ರವರೆಗೆ 'ವಿದಿನ್ ದೀಸ್ ವಾಲ್ಸ್' ಎಂಬ ಧಾರಾವಾಹಿ ಬಂದಿತ್ತು. ಅದರ ಕೇಂದ್ರ ಕಾರಾಗೃಹದ ಮೇಲಧಿಕಾರಿಣಿ. ಆಕೆಯ ಮೇಜಿನ ಈಚೆ ನಿಂತು ಪ್ರೇಕ್ಷಕರು ಕೈದಿಗಳನ್ನು ಕಾಣುತ್ತಿದ್ದರು. ವಾಟ್ಸನ್ನನ ಕೃತಿ ಈ ದೃಷ್ಟಿಕೋನವನ್ನೇ ತಿರುಗಿಸಿತು. ಇಲ್ಲಿ ಕಥೆಯ ಹೃದಯವಿರುವುದು ಅಧಿಕಾರಿಯ ಕೊಠಡಿಯಲ್ಲಲ್ಲ, ಬಟ್ಟೆ ಒಗೆಯುವ ಕೋಣೆಯಲ್ಲಿ. ದುಡಿಮೆ, ಹರಟೆ, ಪಿತೂರಿ, ಜಗಳ, ಸಾಂತ್ವನ ಎಲ್ಲವೂ ಅಲ್ಲಿಯೇ. ಕೈದಿಗಳು 'ಟಾಪ್ ಡಾಗ್' ಎಂದು ಕರೆಯುವ ಮುಂದಾಳು ಬೀ ಸ್ಮಿತ್ ತನ್ನ ಆಳ್ವಿಕೆಯನ್ನು ನಡೆಸುವುದೂ ಇಸ್ತ್ರಿ ಯಂತ್ರದ ಪಕ್ಕದಲ್ಲಿ ನಿಂತೇ.

ಈ ಆಳ್ವಿಕೆಯನ್ನು ಕೃತಿ ಕೇವಲ ಹೊಗಳುವುದಿಲ್ಲವೆಂಬುದು ಗಮನಾರ್ಹ. ಮಗುವೊಂದನ್ನು ಜೀವಂತವಾಗಿ ಹೂತಳೆಂಬ ಆಪಾದನೆಯ ಮೇಲೆ ಲಿನ್ ವಾರ್ನರ್ ಎಂಬ ತರುಣಿ ಸೆರೆಮನೆಗೆ ಬರುತ್ತಾಳೆ. ಮಕ್ಕಳಿಗೆ ಕೇಡು ಬಗೆದವರನ್ನು ಕೈದಿಗಳು ಕ್ಷಮಿಸುವುದಿಲ್ಲ. ಆರಂಭದ ಕಂತುಗಳಲ್ಲಿಯೇ ಬೀ ಅವಳ ಕೈಯನ್ನು ಇಸ್ತ್ರಿ ಯಂತ್ರದಲ್ಲಿ ಸುಡುತ್ತಾಳೆ. ಲಿನ್ ನಿರಪರಾಧಿಯೆಂಬುದು ಪ್ರೇಕ್ಷಕರಿಗೆ ಮುಂದೆ ತಿಳಿಯುತ್ತದೆ. ಹೊರಗಿನ ನ್ಯಾಯಾಲಯ ತಪ್ಪಿದಂತೆ ಒಳಗಿನ ನ್ಯಾಯಾಲಯವೂ ತಪ್ಪಿತು. ಅನ್ಯಾಯಕ್ಕೊಳಗಾದವರು ತಾವು ತೀರ್ಪು ಕೊಡುವಾಗ ಅನ್ಯಾಯ ಮಾಡಲಾರರೆಂಬ ಸುಲಭ ನಂಬಿಕೆಯನ್ನು ಕೃತಿ ಮೊದಲಿಗೇ ಮುರಿಯುತ್ತದೆ. ಕೈದಿಗಳನ್ನು ದೇವತೆಗಳನ್ನಾಗಿ ಮಾಡದೆಯೇ ಅವರಲ್ಲಿ ನಮಗೆ ಪ್ರೀತಿ ಹುಟ್ಟಿಸುವುದು ಇದರ ದೊಡ್ಡ ಸಾಧನೆ.

ಆ ಪ್ರೀತಿ ಹುಟ್ಟುವುದು ಹಾಸ್ಯದ ಮಾರ್ಗವಾಗಿ. ಶೀಲಾ ಫ್ಲಾರೆನ್ಸ್ ಅಭಿನಯಿಸಿದ ಮುದುಕಿ ಲಿಜ್ಜಿ ಬರ್ಡ್ಸ್‌ವರ್ತ್, ಮಗುವಿನ ಮನಸ್ಸಿನ ಡೊರೀನ್, ವ್ಯಾಲ್ ಲೇಮನ್ನಳ ಬೀ, ಈ ಮೂವರ ಮಾತುಕತೆಯಲ್ಲಿ ಬಡವರ ಮನೆಯ ಅಡುಗೆಕೋಣೆಯ ಸಲಿಗೆಯಿದೆ. ಹಾಸ್ಯವು ಕರುಣಕ್ಕೆ ವಿರೋಧಿಯೆಂದು ಲಕ್ಷಣಗ್ರಂಥಗಳನ್ನು ಓದಿದವರು ಶಂಕಿಸಬಹುದು. ಆದರೆ ಇಲ್ಲಿ ಹಾಸ್ಯವು ಕರುಣವನ್ನು ಕೆಡಿಸುವುದಿಲ್ಲ, ಹೊರುತ್ತದೆ. ನಾವು ನಗುವುದು ಅವರ ಶಿಕ್ಷೆಯನ್ನು ಕಂಡಲ್ಲ; ಶಿಕ್ಷೆಯ ನಡುವೆಯೂ ಬಾಡದ ಅವರ ಚತುರತೆಯನ್ನು ಕಂಡು. ಆರಂಭದಲ್ಲಿ ಎತ್ತಿದ ಔಚಿತ್ಯದ ಪ್ರಶ್ನೆಗೆ ಉತ್ತರದ ಮೊದಲ ಎಳೆ ನಮಗೆ ಇಲ್ಲಿ ದೊರೆಯುತ್ತದೆ.

ಎರಡನೆಯ ಎಳೆ ಧಾರಾವಾಹಿಯ ರೂಪದಲ್ಲಿಯೇ ಇದೆ. ಧಾರಾವಾಹಿಗೆ ಪರಿಚಿತ ಮುಖಗಳು ಬೇಕು. ಒಬ್ಬಳು ಬಿಡುಗಡೆ ಹೊಂದಿ ಹೋದರೆ ಪ್ರೇಕ್ಷಕರಿಗೆ ನಷ್ಟ. ಆದಕಾರಣ ಇಲ್ಲಿ ಹೊರಟವರು ಮತ್ತೆ ಮತ್ತೆ ಹಿಂದಿರುಗುತ್ತಾರೆ. ಇದು ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಲಿಜ್ಜಿಯ ಕಥೆಯನ್ನು ನೋಡಬೇಕು. ಕುರಿಯ ಉಣ್ಣೆ ಕತ್ತರಿಸುವ ಆಳುಗಳಿಗೆ ಅಡುಗೆ ಮಾಡುತ್ತಿದ್ದ ಆಕೆ ಅವರಿಗೆ ವಿಷವಿಕ್ಕಿದಳೆಂದು ಶಿಕ್ಷೆಗೊಳಗಾಗಿ, ಜೀವಮಾನದ ಬಹುಭಾಗವನ್ನು ಒಳಗೆ ಕಳೆದಿದ್ದಾಳೆ. ಕೊಲೆ ಆಕೆಯದಲ್ಲವೆಂದು ಕೊನೆಗೆ ತಿಳಿದು ಬಿಡುಗಡೆಯಾದಾಗ, ಹೊರಗಿನ ಲೋಕ ಆಕೆಗೆ ಪರದೇಶ. ಗೆಳತಿಯರಿರುವ ಜಾಗಕ್ಕೇ ಆಕೆ ಮರಳುತ್ತಾಳೆ. ಕಥೆಗಾರನಿಗೆ ಪಾತ್ರ ಬೇಕಿತ್ತು, ನಿಜ. ಆದರೆ ಸೆರೆಮನೆಯೂ ಹಾಗೆಯೇ ತನ್ನವರನ್ನು ಬಿಟ್ಟುಕೊಡದ ಸಂಸ್ಥೆ. ರೂಪದ ಅನಿವಾರ್ಯತೆಯೂ ವಸ್ತುವಿನ ಸತ್ಯವೂ ಇಲ್ಲಿ ಒಂದಾಗಿವೆ. 692 ಕಂತುಗಳ ಬೇಸರವೂ ಸೇರಿದಂತೆ, ದೀರ್ಘ ಸೆರೆವಾಸದ ಕಾಲವನ್ನು ಅನುಭವಕ್ಕೆ ತರುವ ಶಕ್ತಿ ಎರಡು ಗಂಟೆಯ ಚಲನಚಿತ್ರಕ್ಕಿರಲಾರದು.

'ವೆಂಟ್‌ವರ್ತ್' ಬೇರೆ ದಾರಿ ಹಿಡಿಯಿತು. ಇಲ್ಲಿಯ ಬೀ ಸ್ಮಿತ್ ಮೊದಲಿಗೇ ಮುಂದಾಳಲ್ಲ. ಹಿಂಸಿಸುವ ಗಂಡನನ್ನು ಕೊಲ್ಲಲೆತ್ನಿಸಿ, ನಡುಗುತ್ತ ಒಳಗೆ ಬರುವ ಗೃಹಿಣಿ. ಮಗಳ ಸಾವು ಆಕೆಯನ್ನು ಕೊಲೆಗಾತಿಯನ್ನಾಗಿ, ಅನಂತರ ಒಡತಿಯನ್ನಾಗಿ ಮಾಡುತ್ತದೆ. ಡೇನಿಯಲ್ ಕಾರ್ಮ್ಯಾಕ್ ಈ ಪರಿವರ್ತನೆಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದ ರೀತಿ ಶ್ಲಾಘನೀಯ. ಹಳೆಯ ಕೃತಿಯಲ್ಲಿ ಸಿದ್ಧವಾಗಿ ದೊರೆತ ಪಾತ್ರಕ್ಕೆ ಇಲ್ಲಿ ಕಾರಣಪರಂಪರೆ ದೊರೆತಿದೆ. ಅಂತೆಯೇ, 1982ರಲ್ಲಿ ಕರಿಯ ಕೈಗವಸು ತೊಟ್ಟು ಹಳೆಯ ಧಾರಾವಾಹಿಯನ್ನು ಪ್ರವೇಶಿಸಿದ ಅಧಿಕಾರಿಣಿ ಜೋನ್ ಫರ್ಗ್ಯುಸನ್, ಪಮೇಲಾ ರೇಬ್ ಅಭಿನಯದಲ್ಲಿ ಸೆರೆಮನೆಯನ್ನು ಆಳಿ, ಕಡೆಗೆ ಅದರಲ್ಲೇ ಕೈದಿಯಾಗುತ್ತಾಳೆ. ಬೀಗ ಹಾಕುವವಳಿಗೂ ಹಾಕಿಸಿಕೊಳ್ಳುವವಳಿಗೂ ನಡುವಣ ಗೆರೆ ಎಷ್ಟು ತೆಳುವೆಂಬುದು ಇದರಿಂದ ವೇದ್ಯವಾಗುತ್ತದೆ.

ಆದರೂ ಗಳಿಕೆಯೊಡನೆ ನಷ್ಟವೂ ಆಗಿದೆ. ಋತುವೊಂದಕ್ಕೆ ಬಹುಮಟ್ಟಿಗೆ ಹತ್ತು ಹನ್ನೆರಡು ಕಂತುಗಳ ಕಟ್ಟುನಿಟ್ಟಿನಲ್ಲಿ ಪ್ರತಿಯೊಂದು ದೃಶ್ಯವೂ ಮುಂದಿನ ಆಪತ್ತಿಗೆ ಹೂಡಿದ ಅಂಬಾಗುತ್ತದೆ. ಭಯಾನಕ, ಬೀಭತ್ಸಗಳು ಮುಂದಾಗಿ, ಸುಮ್ಮನೆ ಕುಳಿತು ಚಹ ಕುಡಿಯುವ ಹೊತ್ತು ವಿರಳವಾಗಿದೆ. ಸೆರೆಮನೆಯ ಕ್ರೌರ್ಯ ಬಹಳಷ್ಟು ಇರುವುದು ಚೂರಿಯಲ್ಲಲ್ಲ, ಏನೂ ನಡೆಯದ ದಿನದಲ್ಲಿ. ನಾಲ್ಕನೆಯ ಋತುವಿನ ಕೊನೆಗೆ, 2016ರಲ್ಲಿ, ಬೀ ತನ್ನ ವೈರಿಯ ಕೈಯ ಆಯುಧಕ್ಕೆ ತಾನೇ ಮೈಯೊಡ್ಡಿ ಸಾಯುವ ದೃಶ್ಯ ಭವ್ಯವಾದ ದುರಂತ. ಆದರೆ ಲಿಜ್ಜಿಯ ಮರಳುವಿಕೆಯಷ್ಟು ಅದು ನಮ್ಮನ್ನು ಚಿಂತೆಗೀಡುಮಾಡುವುದಿಲ್ಲ.

ಇನ್ನೊಂದು ದೃಷ್ಟಿಯಿಂದ ಹೊಸ ಕೃತಿಯೇ ಮೇಲು. ಆಸ್ಟ್ರೇಲಿಯದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳ ಪಾಲಿಗಿಂತ ಅಲ್ಲಿಯ ಸೆರೆಮನೆಗಳಲ್ಲಿ ಅವರ ಪಾಲು ಎಷ್ಟೋ ಹೆಚ್ಚು. ಬಂಧನದಲ್ಲಿ ಅವರು ಸಾಯುತ್ತಿರುವುದರ ವಿಚಾರಣೆಗಾಗಿ 1987ರಲ್ಲಿ ರಾಜಾಜ್ಞೆಯ ಆಯೋಗವೇ ನೇಮಕಗೊಂಡು, 1991ರಲ್ಲಿ ವರದಿ ನೀಡಿತು. 'ಪ್ರಿಸನರ್'ನಲ್ಲಿ ಮೂಲನಿವಾಸಿ ಸ್ತ್ರೀಪಾತ್ರಗಳು ಬಹು ವಿರಳ. 'ವೆಂಟ್‌ವರ್ತ್'ನಲ್ಲಿ ಶರೀನಾ ಕ್ಲ್ಯಾಂಟನ್, ಲಿಯಾ ಪರ್ಸೆಲ್ ಮೊದಲಾದ ಮೂಲನಿವಾಸಿ ನಟಿಯರು ಮುಖ್ಯ ಪಾತ್ರಗಳಲ್ಲಿದ್ದಾರೆ. ಸಾಧಾರಣೀಕರಣದ ಹೆಸರಿನಲ್ಲಿ ಯಾರನ್ನು ಬಿಟ್ಟೆವೆಂಬುದನ್ನೂ ವಿಮರ್ಶೆ ಕೇಳಬೇಕಾಗುತ್ತದೆ.

ಹಳೆಯ ಧಾರಾವಾಹಿ ತಯಾರಾದ ಮೆಲ್ಬರ್ನ್ ನಗರದಲ್ಲಿಯೇ ಫೇರ್ಲೀ ಎಂಬ ನಿಜವಾದ ಸ್ತ್ರೀ ಕಾರಾಗೃಹವಿತ್ತು. 1956ರಿಂದ 1996ರವರೆಗೆ ಅದು ನಡೆಯಿತು. ಧಾರಾವಾಹಿ ಜನಪ್ರಿಯತೆಯ ಶಿಖರದಲ್ಲಿದ್ದ 1982ರಲ್ಲಿ ಅಲ್ಲಿ ಬೆಂಕಿ ಬಿದ್ದು ಮೂವರು ಕೈದಿಗಳು ಸತ್ತರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಪ್ರಶ್ನೆ ಮತ್ತೆ ತೀಕ್ಷ್ಣವಾಗುತ್ತದೆ. ಹಲಗೆಯ ಗೋಡೆಗಳ ಅಗ್ಗದ ರಂಗಸಜ್ಜು, ಅತಿರಂಜಿತ ಘಟನೆಗಳು, ಆತುರದ ಬರವಣಿಗೆ ಇವುಗಳನ್ನು 'ಪ್ರಿಸನರ್'ನಲ್ಲಿ ಯಾರಾದರೂ ತೋರಿಸಬಹುದು. ಆದರೆ ಅದು ನಮಗೆ ಕೊಡುವ ಸಂತೋಷ ಕೈದಿಯನ್ನು ದೂರದಿಂದ ಕಾಣುವ ಕುತೂಹಲದ ಸಂತೋಷವಲ್ಲ, ಆಕೆಯ ಬೆಂಚಿನಲ್ಲಿ ಜಾಗ ಹಿಡಿದು ಕುಳಿತ ಸಂತೋಷ. ಅಂಥ ಸಂತೋಷ ಅನುಚಿತವಲ್ಲ. ಹೃದಯಸಂವಾದವೆಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಮಹಾಕಾವ್ಯಗಳನ್ನು ಅಳೆಯಲು ಅವರು ಕೊಟ್ಟ ಅಳತೆಗೋಲನ್ನು ಜನಪ್ರಿಯ ಧಾರಾವಾಹಿಗೂ ಹಿಡಿಯಲು ಅಧ್ಯಾಪಕರೂ ವಿದ್ಯಾರ್ಥಿಗಳೂ ಹಿಂಜರಿಯಬೇಕಾಗಿಲ್ಲ. ರಸ ಎಲ್ಲಿ ಹುಟ್ಟಿತು, ಯಾರ ಪಕ್ಕದಲ್ಲಿ ನಿಂತಾಗ ಹುಟ್ಟಿತು ಎಂಬ ಎರಡು ಪ್ರಶ್ನೆಗಳನ್ನು ಜತೆಯಾಗಿ ಕೇಳಿದರೆ ಸಾಕು.