ಮಹಾಕಂದರದ ಬಂಡಿ

'ಅದನ್ನು ವರ್ಣಿಸುವುದಕ್ಕೆ ಮಾತುಗಳೇ ಇಲ್ಲ' ಎಂದು ಮೊದಲಾಗಿ, ಆ ಮೇಲೆ ಆರೇಳು ಪುಟಗಳವರೆಗೆ ಮಾತುಗಳನ್ನೇ ತುಂಬಿಕೊಂಡಿರುವ ಪ್ರವಾಸ ಲೇಖನಗಳು ಈಚೆಗೆ ನಮ್ಮಲ್ಲಿ ಹೆಚ್ಚುತ್ತಿವೆ. ಮಕ್ಕಳು ಅಮೆರಿಕಾ ದೇಶದಲ್ಲಿ ನೆಲಸಿರುವ ಗೃಹಸ್ಥರು ಅಲ್ಲಿಗೆ ಹೋಗಿ ಮೂರು ನಾಲ್ಕು ತಿಂಗಳಿದ್ದು ಬರುವುದು ಈಗ ಸಾಮಾನ್ಯ. ಹಾಗೆ ಹೋದವರಲ್ಲಿ ಲೇಖನಾಭ್ಯಾಸವುಳ್ಳವರು ಬಂದ ಮೇಲೆ ಬರೆಯುತ್ತಾರೆ. ಬರೆದುದರಲ್ಲಿ ಅರಿಜೋನ ಸಂಸ್ಥಾನದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ಪ್ರಸ್ತಾಪ ತಪ್ಪದೆ ಇರುವುದು. ಅಂಥ ಲೇಖನಗಳನ್ನು ಒಂದರ ಮೇಲೊಂದಾಗಿ ಓದಿದವರಿಗೆ ಒಂದು ಸಂಗತಿ ಗೋಚರವಾಗದಿರದು. ಲೇಖಕರು ಬೇರೆ ಬೇರೆ, ವಿದ್ಯೆ ಬೇರೆ, ವಯಸ್ಸು ಬೇರೆ. ಆದರೆ ಲೇಖನದ ಆಕಾರ ಒಂದೇ. ಬೆಳಗ್ಗೆ ವಿಲಿಯಮ್ಸ್ ಎಂಬ ಪುಟ್ಟ ಊರಿನಲ್ಲಿ ರೈಲುಬಂಡಿ ಹತ್ತುವುದು, ಗಾಜಿನ ಮಾಳಿಗೆಯ ಗಾಡಿಯಲ್ಲಿ ಕುಳಿತು ದನಗಾಹಿಗಳ ವೇಷದವರ ಹಾಡು ಕೇಳುವುದು, ಕಂದರದ ಅಂಚಿನಲ್ಲಿ ಬೆರಗಾಗುವುದು, ಊಟ, ಭಾವಚಿತ್ರ, ಹಿಂದಿರುಗುವಾಗ ಕಳ್ಳರ ವೇಷದವರು ಬಂದು ಬಂಡಿಯನ್ನು 'ದೋಚುವ' ವಿನೋದ, ರಾತ್ರಿ ನಿದ್ರೆ. ಈ ಆಕಾರವನ್ನು ಕೊಟ್ಟವರು ಯಾರು? ಲೇಖಕರಂತೂ ಅಲ್ಲ. ಬಂಡಿಯೇ ಅದನ್ನು ಕಟ್ಟಿಕೊಟ್ಟಿದೆ. ಲೇಖಕರು ಅದರ ಪ್ರತಿಯನ್ನು ತೆಗೆದಿದ್ದಾರೆ. ಆದುದರಿಂದ ಲೇಖನಗಳನ್ನು ವಿಮರ್ಶಿಸುವುದಕ್ಕಿಂತ ಮುಂಚೆ ಬಂಡಿಯನ್ನೇ ಒಂದು ಪ್ರಬಂಧವೆಂದು ಭಾವಿಸಿ ವಿಮರ್ಶಿಸುವುದು ನ್ಯಾಯವೆಂದು ನಮಗೆ ತೋರಿತು.

ಈ ದಾರಿ ಹುಟ್ಟಿದ್ದು ಸೌಂದರ್ಯಕ್ಕಾಗಿ ಅಲ್ಲ, ತಾಮ್ರಕ್ಕಾಗಿ. ಅನೀಟಾ ಎಂಬಲ್ಲಿನ ಗಣಿಗಳಿಂದ ಅದುರನ್ನು ಸಾಗಿಸಲು ಹೊರಟ ಮಂಡಲಿಯೊಂದು 1900ರಲ್ಲಿ ದಿವಾಳಿಯಾಗಲು, ಸಾಂಟಾ ಫೇ ರೈಲ್ವೆಯವರು ಉಳಿದ ಹಳಿಗಳನ್ನು ಹಾಕಿಸಿ 1901ನೆಯ ಸಪ್ಟೆಂಬರ್ 17ರಂದು ಮೊದಲ ಬಂಡಿಯನ್ನು ಕಂದರದ ದಕ್ಷಿಣದ ಅಂಚಿಗೆ ಮುಟ್ಟಿಸಿದರು. ವಿಲಿಯಮ್ಸಿನಿಂದ ಅಲ್ಲಿಗೆ 64 ಮೈಲಿ. ಅದುವರೆಗೆ ಫ್ಲಾಗ್‌ಸ್ಟಾಫ್ ಊರಿನಿಂದ ಕುದುರೆಗಾಡಿಯಲ್ಲಿ ಇಡೀ ಹಗಲು ಕುಲುಕಿಕೊಂಡು ಹೋಗಬೇಕಾಗಿದ್ದುದು ಎರಡು ಮೂರು ಗಂಟೆಗಳ ಪ್ರಯಾಣವಾಯಿತು. 1908ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದನು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಹೀಗೆ ಉದ್ಯಾನಕ್ಕಿಂತ ಬಂಡಿಗೇ ವಯಸ್ಸು ಹೆಚ್ಚು. ಮೋಟಾರುಗಳು ಬಂದು ಬಂಡಿಯ ಜನ ಕರಗಿ, 1968ರಲ್ಲಿ ಪ್ರಯಾಣಿಕರ ಬಂಡಿ ನಿಂತುಹೋಯಿತು. ಕೊನೆಯ ದಿನ ಅದರಲ್ಲಿದ್ದವರು ಮೂವರೇ ಎಂದು ಹೇಳುವರು. 1989ರಲ್ಲಿ, ಅದೇ ಸಪ್ಟೆಂಬರ್ 17ರಂದೇ, ವಿಹಾರದ ಬಂಡಿಯಾಗಿ ಮತ್ತೆ ಹೊರಟಿತು. ಗಣಿಗೆ ಹುಟ್ಟಿ, ಯಾತ್ರೆಗೆ ಬೆಳೆದು, ಸತ್ತು, ವಿನೋದಕ್ಕಾಗಿ ಪುನರ್ಜನ್ಮವೆತ್ತಿದ ಈ ಬಂಡಿಯ ಚರಿತ್ರೆಯೇ ಒಂದು ಕಥೆ. ನಮ್ಮ ಲೇಖಕರು ಅದನ್ನು ಮುಟ್ಟುವುದಿಲ್ಲ.

ಈಗ ಪ್ರಬಂಧಕ್ಕೆ ಬರೋಣ. ಈ ಬಂಡಿಯಲ್ಲಿ ಒಂದು ದೊಡ್ಡ ಗುಣವುಂಟು. ಅದನ್ನು ಮೊದಲು ಹೇಳಬೇಕು. ರಮ್ಯದರ್ಶನದ ಬಂಡಿಯೆಂದು ಹೆಸರು ಹೊತ್ತಿದ್ದರೂ ಅದರ ಕಿಟಕಿಯಿಂದ ಮಹಾಕಂದರ ಕಾಣುವುದೇ ಇಲ್ಲ. ವಿಲಿಯಮ್ಸಿನ ದೇವದಾರುಗಳನ್ನು ಬಿಟ್ಟು ಬಂಡಿ ಒಣಹುಲ್ಲಿನ ಬಯಲಿಗೆ ಇಳಿಯುತ್ತದೆ. ಗಂಟೆಯ ಮೇಲೆ ಗಂಟೆ ಕುರುಚಲು ಗಿಡ, ಬೂದುಬಣ್ಣದ ನೆಲ, ಪೂರ್ವದಲ್ಲಿ ದೂರದ ಸಾನ್ ಫ್ರಾನ್ಸಿಸ್ಕೋ ಶಿಖರಗಳು, ಮತ್ತೇನೂ ಇಲ್ಲ. ಕೊನೆಯಲ್ಲಿ ತಿರುವುಗಳನ್ನು ಹತ್ತಿ ಮತ್ತೆ ದೇವದಾರುಗಳ ನಡುವೆ, 1910ರಲ್ಲಿ ದಿಮ್ಮಿಗಳಿಂದ ಕಟ್ಟಿದ ಒಂದು ನಿಲ್ದಾಣದಲ್ಲಿ ಅದು ನಿಲ್ಲುತ್ತದೆ. ಅಲ್ಲಿಯೂ ಎದುರಿಗೆ ಬರಿಯ ದಿಬ್ಬ. ಮೆಟ್ಟಿಲೇರಿ, ಹೋಟೆಲನ್ನು ಬಳಸಿ, ನಾಲ್ಕು ಹೆಜ್ಜೆ ನಡೆದರೆ, ನೆಲವು ಒಮ್ಮೆಗೇ ಇಲ್ಲವಾಗುತ್ತದೆ. ಮುಂದೆ ಒಂದು ಮೈಲಿಯ ಆಳ. ಅಲ್ಲಿಯವರೆಗಿನ ಬಯಲಿನ ಬೇಸರವೆಲ್ಲ ಈ ಒಂದು ಕ್ಷಣಕ್ಕಾಗಿ ಕೂಡಿಟ್ಟ ಬಂಡವಾಳವೆಂದು ಆಗ ತಿಳಿಯುವುದು. ನಮ್ಮ ಆಲಂಕಾರಿಕರು ಅದ್ಭುತಕ್ಕೆ ವಿಸ್ಮಯವು ಸ್ಥಾಯಿಭಾವವೆಂದರು. ಆ ವಿಸ್ಮಯಕ್ಕೆ ಬೇಕಾದ ಮೌನದ ಪೀಠಿಕೆಯನ್ನು ಇಷ್ಟು ಸೊಗಸಾಗಿ ಸಿದ್ಧಪಡಿಸಿದ ಕವಿಗಳು ವಿರಳ. ಇದನ್ನು ಯಾರೂ ಯೋಚಿಸಿ ಮಾಡಲಿಲ್ಲ, ನೆಲದ ಇಳಿಜಾರು ಮಾಡಿತು ಎಂಬುದು ನಿಜ. ಆದರೂ ಗುಣ ಗುಣವೇ. ದುಃಖದ ಸಂಗತಿಯೆಂದರೆ, ನಮ್ಮ ಲೇಖಕರು ಈ ಬಯಲಿನ ಭಾಗವನ್ನೇ 'ವಿಶೇಷವೇನೂ ಇಲ್ಲ' ಎಂದು ಒಂದು ಸಾಲಿನಲ್ಲಿ ದಾಟಿಬಿಡುವರು. ಪೀಠಿಕೆಯನ್ನು ಕಿತ್ತೆಸೆದ ಮೇಲೆ ವಿಸ್ಮಯಕ್ಕೆ ನೆಲೆಯೆಲ್ಲಿ? ಆಗ 'ಮಾತುಗಳೇ ಇಲ್ಲ' ಎನ್ನದೆ ಗತ್ಯಂತರವಿಲ್ಲ.

ಆ ಮಾತೂ ಅವರ ಸ್ವಂತದ್ದಲ್ಲವೆಂಬುದನ್ನು ಹೇಳಬೇಕಾಗಿದೆ. 1902ರಲ್ಲಿ ಸಾಂಟಾ ಫೇ ರೈಲ್ವೆಯ ಪ್ರಯಾಣಿಕ ಶಾಖೆಯವರೇ ಅನೇಕ ಲೇಖಕರ ಬರೆಹಗಳನ್ನು ಕೂಡಿಸಿ ಮಹಾಕಂದರದ ಮೇಲೆ ಒಂದು ಪುಸ್ತಕವನ್ನು ಪ್ರಕಟಿಸಿದರು. ಟಿಕೆಟು ಮಾರುವವರೇ ಸಾಹಿತ್ಯಸಂಕಲನವನ್ನೂ ಮಾಡಿದ್ದು ಸಾಹಿತ್ಯಚರಿತ್ರೆಯಲ್ಲಿ ಗಮನಿಸತಕ್ಕ ಪ್ರಸಂಗ. ಚಿತ್ರಕಲೆಯನ್ನೂ ಅವರು ಬಿಡಲಿಲ್ಲ. ಥಾಮಸ್ ಮೊರಾನ್ ಎಂಬ ಚಿತ್ರಕಾರನು 1873ರಲ್ಲಿಯೇ ಆ ಪ್ರದೇಶವನ್ನು ಕಂಡು ಬರೆದ ದೊಡ್ಡ ಪಟವನ್ನು ಅಮೆರಿಕಾದ ಶಾಸನಸಭೆ 10,000 ಡಾಲರಿಗೆ ಕೊಂಡಿತ್ತು. 1892ರಲ್ಲಿ ರೈಲ್ವೆಯವರು ಅವನನ್ನು ಮತ್ತೆ ಕರೆದೊಯ್ದು, ಅವನು ಬರೆದ ಪಟವೊಂದನ್ನು ಅಚ್ಚು ಹಾಕಿಸಿ, ಕಚೇರಿಗಳಿಗೂ ಹೋಟೆಲುಗಳಿಗೂ ಶಾಲೆಗಳಿಗೂ ಹಂಚಿದರು. ಇದ್ದುದನ್ನು ಇದ್ದಂತೆ ಬರೆಯುವುದು ತನ್ನ ಗುರಿಯಲ್ಲವೆಂದು ಮೊರಾನನೇ ಹೇಳುತ್ತಿದ್ದನು. ಅವನ ಪಟದಲ್ಲಿ ಮೋಡಗಳು ಸುತ್ತುವುವು, ಮಂಜು ಏಳುವುದು, ಬಂಡೆಗಳು ಬೆಳಕಿನಲ್ಲಿ ಕರಗುವುವು. ನಮ್ಮ ಪರಿಭಾಷೆಯಲ್ಲಿ ಇದು ಉತ್ಪ್ರೇಕ್ಷೆಯ ಮಾರ್ಗ.

ಇದಕ್ಕೆ ಎದುರಾದ ಸ್ವಭಾವೋಕ್ತಿಯ ಮಾರ್ಗವೂ ಆಗ ಇದ್ದಿತು. ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಯು 1882ರಲ್ಲಿ ಆ ಪ್ರದೇಶದ ಭೂಚರಿತ್ರೆಯನ್ನು ಪ್ರಕಟಿಸಿದಾಗ, ಅದರ ಜೊತೆಯ ಪಟಗ್ರಂಥಕ್ಕೆ ವಿಲಿಯಮ್ ಹೆನ್ರಿ ಹೋಮ್ಸ್ ಎಂಬವನು ಕಂದರದ ವಿಶಾಲ ನೋಟಗಳನ್ನು ಬರೆದನು. ಶಿಲೆಯ ಒಂದೊಂದು ಪದರವನ್ನೂ ಒಂದೊಂದು ಗೆರೆಯಿಂದ ಎಣಿಸಿದಂತೆ ಬರೆದ ಚಿತ್ರಗಳು ಅವು. ಅವುಗಳಲ್ಲಿ ಗುಡುಗಿಲ್ಲ, ಮಿಂಚಿಲ್ಲ. ಆದರೆ ನೋಡುತ್ತ ಹೋದಂತೆ ಕಣ್ಣು ತಾನಾಗಿ ಪದರದಿಂದ ಪದರಕ್ಕೆ ಇಳಿದು, ಕೋಟ್ಯಂತರ ವರ್ಷಗಳ ಕಾಲವನ್ನು ಮೆಟ್ಟಿಲುಗಳಂತೆ ಕಾಣುವುದು. ನಮ್ಮ ಅಭಿಪ್ರಾಯದಲ್ಲಿ ಹೋಮ್ಸನ ಗೆರೆಗಳಲ್ಲಿರುವ ಅದ್ಭುತ ಮೊರಾನನ ವರ್ಣಗಳಲ್ಲಿಲ್ಲ. ಆದರೆ ರೈಲ್ವೆಯವರು ಆರಿಸಿಕೊಂಡದ್ದು ಮೊರಾನನನ್ನು. ಹೋಮ್ಸನ ಚಿತ್ರವನ್ನು ನೋಡಿ ಯಾರೂ ಟಿಕೆಟು ಕೊಳ್ಳುವುದಿಲ್ಲವೆಂದು ಅವರಿಗೆ ತಿಳಿದಿದ್ದಿರಬೇಕು.

ಡಟನ್ನನ ಗ್ರಂಥದಲ್ಲಿ ಒಂದು ವಿಚಾರ ನಮಗೆ ಬಹಳ ಹಿಡಿಸಿತು. ಆಲ್ಪ್ಸ್ ಮೊದಲಾದ ಪರ್ವತಗಳಲ್ಲಿ ಕಣ್ಣನ್ನು ಪಳಗಿಸಿಕೊಂಡವನು ಇಲ್ಲಿಗೆ ಬಂದರೆ ಮೊದಲು ಬೆಚ್ಚಿಬೀಳುವನು, ಅವನಿಗೆ ಇದು ಸೌಂದರ್ಯವೆಂದೇ ತೋರದು. ಕಲೆಯಲ್ಲಾಗಲಿ ಪ್ರಕೃತಿಯಲ್ಲಾಗಲಿ ತೀರ ಹೊಸದಾದುದು ಬೆಲೆಗಟ್ಟಲ್ಪಡುವ ಮುಂಚೆ ಅರ್ಥವಾಗಬೇಕು, ಅರ್ಥವಾಗುವ ಮುಂಚೆ ಅದರ ವ್ಯಾಸಂಗ ನಡೆಯಬೇಕು ಎಂಬುದು ಅವನ ಮತ. 1540ರಲ್ಲಿ ಹೋಪಿ ಜನರು ದಾರಿ ತೋರಿಸಲು ಅಲ್ಲಿಗೆ ಬಂದ ಸ್ಪೇನಿನ ಸೈನಿಕರ ಅನುಭವವೂ ಇದನ್ನೇ ಹೇಳುವುದು. ಕೆಳಗೆ ಹರಿಯುವ ಕೊಲರಾಡೊ ನದಿ ಮೇಲಿನಿಂದ ಅವರಿಗೆ ಒಂದು ಮಾರಿನಷ್ಟು ಅಗಲದ ಕಾಲುವೆಯಂತೆ ಕಂಡಿತು. ಮೂವರು ಇಳಿಯಲು ಹೋಗಿ ಆಗದೆ ಹಿಂದಿರುಗಿ, ಮೇಲಿನಿಂದ ಆಳೆತ್ತರವೆಂದು ತೋರಿದ ಬಂಡೆಗಳು ಸೆವಿಲ್ ನಗರದ ದೊಡ್ಡ ಗೋಪುರಕ್ಕಿಂತ ಎತ್ತರವಾಗಿವೆಯೆಂದು ವರದಿ ಮಾಡಿದರು. ಅಲ್ಲಿ ಕಣ್ಣಿಗೆ ಅಳತೆಯೇ ಇಲ್ಲ. ಅಳತೆಯನ್ನು ಕಾಲುಗಳಿಂದ ಸಂಪಾದಿಸಬೇಕು. ಬಂಡಿಯಾದರೋ ಪ್ರಯಾಣಿಕನನ್ನು ಮಧ್ಯಾಹ್ನದ ಹೊತ್ತಿಗೆ ಇಳಿಸಿ, ಮೂರು ನಾಲ್ಕು ಗಂಟೆಗಳಲ್ಲಿ ಮತ್ತೆ ಹತ್ತಿಸಿಕೊಳ್ಳುತ್ತದೆ. ನೆತ್ತಿಯ ಮೇಲೆ ಸೂರ್ಯನಿದ್ದಾಗ ಬಂಡೆಗಳ ನೆರಳು ಕುಗ್ಗಿ ಕಂದರವು ಚಪ್ಪಟೆಯಾಗಿ ಕಾಣುವುದು. ಪದರಗಳು ಮೇಲೆದ್ದು ನಿಲ್ಲುವುದು ಬೆಳಗಿನಲ್ಲಿ ಮತ್ತು ಸಂಜೆಯಲ್ಲಿ. ಆ ಎರಡು ಹೊತ್ತೂ ಒಂದು ದಿನದ ಪ್ರಯಾಣಿಕನು ಬಂಡಿಯೊಳಗೋ ವಿಲಿಯಮ್ಸಿನಲ್ಲೋ ಇರುವನು.

ಇಲ್ಲಿ ವಾಚಕರಿಗೆ ವರ್ಡ್ಸ್‌ವರ್ತ್ ಕವಿಯ ನೆನಪಾಗಬಹುದು. ತನ್ನ ಸರೋವರ ಪ್ರಾಂತಕ್ಕೆ ರೈಲುದಾರಿ ಬರುವುದನ್ನು ಅವನು 1844ರಲ್ಲಿ ಪದ್ಯದಿಂದಲೂ ಪತ್ರಗಳಿಂದಲೂ ವಿರೋಧಿಸಿದನು. ಪ್ರಕೃತಿಸೌಂದರ್ಯದ ರುಚಿ ಹುಟ್ಟಿನಿಂದ ಬರುವುದಲ್ಲ, ಬಹುಕಾಲದ ಅಭ್ಯಾಸದಿಂದ ಬರುವುದು. ಬಂಡಿಗಳಲ್ಲಿ ಗುಂಪುಗುಂಪಾಗಿ ತಂದಿಳಿಸಿದ ಜನಕ್ಕೆ ಅದು ದಕ್ಕುವುದಿಲ್ಲ ಎಂಬುದು ಅವನ ವಾದ. ವಾದದ ಮೊದಲರ್ಧದಲ್ಲಿ ಡಟನ್ನನಿಗೂ ಅವನಿಗೂ ಭೇದವಿಲ್ಲ. ಎರಡನೆಯ ಅರ್ಧವನ್ನು ಮಾತ್ರ ನಾವು ಒಪ್ಪಲಾರೆವು. ಅಭ್ಯಾಸದಿಂದ ಬರುವ ರುಚಿಯನ್ನು ಅಭ್ಯಾಸಕ್ಕೆ ಅವಕಾಶವೇ ಇಲ್ಲದವನಿಂದ ದೂರವಿಡುವುದು ಯಾವ ನ್ಯಾಯ? 1847ರಲ್ಲಿ ಆ ದಾರಿಯೂ ತೆರೆಯಿತು. ಒಂದು ಶತಮಾನದ ಮೇಲೆ, 1951ರಲ್ಲಿ, ಅದೇ ಪ್ರಾಂತವನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಬೇಕೆಂದು ನಿಶ್ಚಯಿಸಿದ ಕಾಲಕ್ಕೆ, ಬಂಡಿಯಲ್ಲಿ ಬಂದಿಳಿದವರ ಮಕ್ಕಳು ಮೊಮ್ಮಕ್ಕಳೂ ಅದನ್ನು ತಮ್ಮದೆಂದು ಭಾವಿಸಿದ್ದರು.

ಜಾನ್ ಮ್ಯೂರನು ಇನ್ನೂ ಉದಾರ. ಕಾಡುಗಳ ರಕ್ಷಣೆಗಾಗಿ ಜೀವ ತೇದ ಆ ವನಪ್ರಿಯನು 1902ರಲ್ಲಿ ಬರೆದ ಪ್ರಬಂಧದಲ್ಲಿ, ಕಂದರದವರೆಗೆ ರೈಲು ಬಂದಿತೆಂದು ಕೇಳಿ ತನಗೆ ಮೊದಲು ಅಂಜಿಕೆಯಾಯಿತೆಂದೂ, ದೇವದಾರುಗಳ ನಡುವೆ ಆ ಬಂಡಿ ಹರಿದುಬರುವುದನ್ನು ಕಂಡ ಮೇಲೆ, ಅಂಥ ಮಹತ್ತಿನ ಮುಂದೆ ಅದು ಒಂದು ಕಂಬಳಿಹುಳುವಿಗಿಂತ ಹೆಚ್ಚಲ್ಲವೆಂದೂ ಒಪ್ಪಿಕೊಂಡನು. ಮ್ಯೂರನ ಉಪಮೆ ಚೆನ್ನಾಗಿದೆ. ಆದರೆ ಕಂಬಳಿಹುಳು ಎಲೆಯನ್ನು ತಿನ್ನುವುದೆಂಬುದನ್ನು ಅವನಂಥ ಪ್ರಕೃತಿಜ್ಞನು ಮರೆತದ್ದು ಸೋಜಿಗ!

ಮರಳುವ ದಾರಿಯ ವಿಷಯಕ್ಕೆ ಬಂದರೆ ನಾವು ಕಠಿನವಾಗದೆ ಇರಲಾರೆವು. ಮುಖಕ್ಕೆ ವಸ್ತ್ರ ಕಟ್ಟಿದ ಕುದುರೆಸವಾರರು ಬಂಡಿಯನ್ನು ತಡೆದು, ಗಾಡಿಯಿಂದ ಗಾಡಿಗೆ ಪಿಸ್ತೂಲು ತೋರಿಸುತ್ತ ಹಾಸ್ಯದ ಮಾತಾಡುವರು. ಮಕ್ಕಳು ನಗುವರು, ಹಿರಿಯರು ಒಂದೆರಡು ಡಾಲರುಗಳನ್ನು ಒಪ್ಪಿಸುವರು. ಬೇರೆಡೆಯಲ್ಲಿ ಇದು ನಿರುಪದ್ರವವಾದ ವಿನೋದ. ನಟರ ಕೌಶಲವನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಹೇಳಿದ್ದು ಇಂಥ ಕಡೆಗೇ. ಅಗಾಧವಾದುದೊಂದನ್ನು ಕಂಡು ಬಂದ ಮನಸ್ಸು ಸುಮ್ಮನಿರಲು ಬಯಸುತ್ತದೆ. ಹೋಗುವಾಗ ಬರಿಯ ಬಯಲಾಗಿ ಕಂಡ ನೆಲವನ್ನು ಹಿಂದಿರುಗುವಾಗ ಅದು ಬೇರೆ ಕಣ್ಣಿನಿಂದ ನೋಡೀತು. ಈ ನೆಲದ ಅಡಿಯಲ್ಲಿಯೂ ಅವೇ ಪದರಗಳಿವೆಯೆಂದು ಹೊಳೆದೀತು. ಆ ಹೊತ್ತಿನಲ್ಲಿಯೇ ಪಿಸ್ತೂಲು ಸಿಡಿಯುವುದು. ನಮ್ಮ ಪ್ರವಾಸ ಲೇಖನಗಳಲ್ಲಿ ಕಂದರಕ್ಕೆ ಅರ್ಧ ಪುಟ, ಕಳ್ಳರಿಗೆ ಎರಡು ಪುಟ ಸಲ್ಲುವುದಕ್ಕೆ ಕಾರಣ ಇದಲ್ಲದೆ ಬೇರೇನು?

ಇನ್ನು ಹೆಸರುಗಳ ಮಾತು. ಕಂದರದೊಳಗೆ ಎದ್ದು ನಿಂತಿರುವ ಶಿಲಾಶಿಖರಗಳಿಗೆ ಡಟನ್ನನು ವಿಷ್ಣುವಿನ ದೇವಾಲಯ, ಶಿವನ ದೇವಾಲಯ ಎಂದು ಹೆಸರಿಟ್ಟನು; ಮುಂದಿನವರು ಅದೇ ಜಾಡಿನಲ್ಲಿ ಬ್ರಹ್ಮ, ಕೃಷ್ಣ, ರಾಮರನ್ನೂ ಸೇರಿಸಿದರು. ತಳದ ಸುಮಾರು 170 ಕೋಟಿ ವರ್ಷಗಳ ಕರಿಶಿಲೆಗೂ ವಿಷ್ಣುವಿನ ಹೆಸರೇ ಬಂದಿದೆ. ಇದನ್ನು ಕಂಡು ನಮ್ಮ ಲೇಖಕರು ಹಿಗ್ಗುವರು. ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರಗಳಿಗೆ ಪೂರ್ವದೇಶದ ಗೋಪುರಗಳ ಹೋಲಿಕೆ ಒಪ್ಪುವುದೆಂಬುದರಲ್ಲಿ ಸಂಶಯವಿಲ್ಲ, ಡಟನ್ನನ ಉಪಮೆ ಒಳ್ಳೆಯ ಉಪಮೆ. ಆದರೆ ಉಪಮೆಯನ್ನು ಆಸ್ತಿಯ ದಸ್ತಾವೇಜೆಂದು ಭಾವಿಸಬಾರದಷ್ಟೆ. ಅಲ್ಲಿ ಮೊದಲೇ ಜನರಿದ್ದರು, ಅವರಿಗೂ ಭಾಷೆಯಿದ್ದಿತು.

ಅವರು ಬಂಡಿಯ ಪ್ರಬಂಧದಲ್ಲಿ ಬರುವುದು ಪಾತ್ರಗಳಾಗಿ ಅಲ್ಲ, ಅಲಂಕಾರಗಳಾಗಿ. 1905ರಲ್ಲಿ ಅಂಚಿನ ಮೇಲೆ ಎಲ್ ಟೊವಾರ್ ಹೋಟೆಲು ತೆರೆದಾಗ ಅದರ ಎದುರಿಗೇ ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿಣಿಯು ಹೋಪಿ ಜನರ ಮನೆಗಳ ಮಾದರಿಯಲ್ಲಿ ಕಲ್ಲಿನ ಕಟ್ಟಡವೊಂದನ್ನು ರೂಪಿಸಿದಳು. ಕಟ್ಟಡ ಬಹು ಸುಂದರ. ಅದರಲ್ಲಿ ಹೋಪಿ ಕುಶಲಕರ್ಮಿಗಳನ್ನು ಇರಿಸಿ, ಬಂಡಿಯಲ್ಲಿ ಬಂದವರ ಕಣ್ಣೆದುರಿಗೆ ಕೆಲಸ ಮಾಡುವಂತೆ ಏರ್ಪಡಿಸಿದರು. ನಂಪೇಯೋ ಎಂಬ ಹೆಸರಾಂತ ಮಡಕೆಗಾರ್ತಿಯೂ ಕೆಲಕಾಲ ಅಲ್ಲಿದ್ದಳು; ಅವಳ ಮಡಕೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಕಂದರದೊಳಗಿನ ಒಂದು ತೊರೆಯ ದಡದಲ್ಲಿ ತೋಟ ಮಾಡಿಕೊಂಡಿದ್ದ ಹವಾಸುಪಾಯ್ ಜನರ ಗತಿ ಇನ್ನೂ ಬೇರೆಯಾಯಿತು. ಉದ್ಯಾನವಾದ ಮೇಲೆ ಅವರಿಗೆ ಅಲ್ಲಿ ಎಡೆ ಉಳಿಯಲಿಲ್ಲ. ಕೊನೆಯ ನಿವಾಸಿಯನ್ನು 1928ರಲ್ಲಿ ಹೊರಡಿಸಿದರು. 1975ರ ಕಾನೂನಿನಿಂದ ಅವರಿಗೆ ಬೇರೆಡೆಯ ನೆಲ ಬಹಳಷ್ಟು ಹಿಂದಕ್ಕೆ ಬಂದಿತು. ತೋಟಕ್ಕೆ ಅವರ ಹೆಸರನ್ನು ಇಟ್ಟದ್ದು 2022ರಲ್ಲಿ.

ಕಡೆಯದಾಗಿ ಒಂದು ಸಣ್ಣ ವಿವರ. ಅಷ್ಟು ದೊಡ್ಡ ಕಂದರವನ್ನು ಕೊರೆದದ್ದು ನದಿಯ ನೀರೇ. ಆದರೆ ಅಂಚಿನ ಮೇಲೆ ಕುಡಿಯಲು ನೀರಿರಲಿಲ್ಲ. ಹೋಟೆಲಿಗೂ ಎಂಜಿನ್ನಿಗೂ ಬೇಕಾದ ನೀರನ್ನು ವರ್ಷಗಟ್ಟಲೆ ಇದೇ ಬಂಡಿಯ ತೊಟ್ಟಿಗಳಲ್ಲಿ ಬಯಲಿನಾಚೆಯಿಂದ ಹೊತ್ತು ತರುತ್ತಿದ್ದರು. 1932ರಲ್ಲಿ ರೈಲ್ವೆಯವರು ಕೆಳಗಿನ ಆ ತೋಟದ ಚಿಲುಮೆಗೆ ಯಂತ್ರವಿಟ್ಟು ನೀರನ್ನು ಮೇಲಕ್ಕೆ ಹತ್ತಿಸಿದರು. ತೋಟದವರು ಹೊರಟು ಆಗ ನಾಲ್ಕು ವರ್ಷವಾಗಿತ್ತು. ನಾವು ಓದಿದ ಯಾವ ಪ್ರವಾಸ ಲೇಖನದಲ್ಲಿಯೂ ಈ ನೀರಿನ ಪ್ರಸ್ತಾಪ ಬಂದಿಲ್ಲ.