‘ಹೇಳತೇನ ಕೇಳ’: ಲಾವಣಿಯ ಆಕೃತಿ ಮತ್ತು ಆಶಯ

ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ (1964) ನೀಳ್ಗವನದ ಲಾವಣಿ ಧಾಟಿ ಮತ್ತು ಉತ್ತರ ಕರ್ನಾಟಕದ ಆಡುನುಡಿ ಸಹಜವಾಗಿಯೇ ಪ್ರಶಂಸೆಗೆ ಪಾತ್ರವಾಗಿವೆ. ಆದರೆ ಧಾಟಿಯನ್ನು ಸೊಗಸೆಂದು ಮೆಚ್ಚಿ, ಆಶಯವನ್ನು ಬೇರೆಡೆ ಹುಡುಕಿದರೆ ಕೃತಿಯ ಮುಖ್ಯ ಸಾಧನೆಯೇ ಕೈತಪ್ಪುತ್ತದೆ. ಇಲ್ಲಿ ಆಕೃತಿಯೇ ಆಶಯವನ್ನು ನಿರ್ಮಿಸಿದೆ.

ಶೀರ್ಷಿಕೆಯನ್ನೇ ಗಮನಿಸಬಹುದು. ‘ಹೇಳ–ತೇನ–ಕೇಳ’ ಎಂದು ಬಿಡಿಸಿದಾಗ ಮೂರು ಮಾತ್ರೆಗಳ ಮೂರು ಸಮಗಣಗಳು ದೊರೆಯುತ್ತವೆ. ಗ್ರಾಂಥಿಕ ರೂಪವಾದ ‘ಹೇಳುತ್ತೇನೆ ಕೇಳು’ ಎಂಬುದರಲ್ಲಿ ಈ ನಡೆ ಮುರಿಯುತ್ತದೆ. ಆದ್ದರಿಂದ ಆಡುನುಡಿ ಇಲ್ಲಿ ಪ್ರಾದೇಶಿಕ ಬಣ್ಣವಲ್ಲ, ಛಂದಸ್ಸಿನ ಅಗತ್ಯ.

ಲಾವಣಿ ಮೂಲತಃ ಪ್ರದರ್ಶನ ಪ್ರಕಾರ. ಮುಖ್ಯ ಹಾಡುಗಾರ ಕಥನವನ್ನು ಮುನ್ನಡೆಸಿದರೆ ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ದಪ್ಪು, ತುಂತುಣಿ, ತಾಳಗಳು ಲಯವನ್ನು ಕಾಯುತ್ತವೆ. 1857ರ ಹಲಗಲಿ ಬೇಡರ ದಂಗೆಯನ್ನು ಕುರಿತ, ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಂಥ ರಚನೆಗಳಲ್ಲಿ ಹಾಡುವವರನ್ನೂ ಕೇಳುವವರನ್ನೂ ಒಂದೇ ನೆನಪು ಬೆಸೆಯುತ್ತದೆ. ಅಲ್ಲಿ ಕೇಳುವುದೆಂದರೆ ಸಮುದಾಯ ತನ್ನನ್ನು ತಾನು ಗುರುತಿಸಿಕೊಳ್ಳುವುದು.

ಕಂಬಾರರು ಈ ಗುರುತನ್ನೇ ಕದಡುತ್ತಾರೆ. ರಾಕ್ಷಸನೊಬ್ಬ ಶಿವಾಪುರದ ಗೌಡನನ್ನು ಕೊಂದು ಅವನದೇ ರೂಪದಲ್ಲಿ ಊರನ್ನು ಪ್ರವೇಶಿಸುತ್ತಾನೆ. ಊರು ವೇಷವನ್ನೇ ಗೌಡನೆಂದು ನಂಬುತ್ತದೆ. ರೂಪ ಬದಲಿಸಿ ಬರುವ ವಂಚಕನ ಆಶಯ ಜನಪದ ಕಥೆಗಳಲ್ಲಿ ಸುಪರಿಚಿತ. ಅಲ್ಲಿ ಸಾಮಾನ್ಯವಾಗಿ ವೇಷ ಬಯಲಾಗಿ ಹಳೆಯ ವ್ಯವಸ್ಥೆ ಮರಳುತ್ತದೆ. ಇಲ್ಲಿ ಅಂಥ ಸುಲಭ ಪರಿಹಾರವಿಲ್ಲ. ಕಥೆಯ ಮುಂದುವರಿಕೆಯಾದ ‘ಋಷ್ಯಶೃಂಗ’ ನಾಟಕದಲ್ಲಿ ಊರು ಬರದಿಂದ ಬೇಯುತ್ತಿದೆ. ಆ ಕೇಡು ಮುಂದಿನ ತಲೆಮಾರಿಗೂ ಸಂದಿದೆ.

ಹೀಗೆ ಕೇಳುಗನಿಗೆ ತಿಳಿದ ಸತ್ಯ ಕಥೆಯೊಳಗಿನ ಊರಿಗೆ ತಿಳಿಯದು. ಕೇಳು ಎಂಬ ಆಜ್ಞೆ ಲಾವಣಿಯಲ್ಲಿ ಆಹ್ವಾನವಾಗಿದ್ದರೆ ಈ ಕವಿತೆಯಲ್ಲಿ ಹೊಣೆಯಾಗುತ್ತದೆ. ಮುದ್ರಿತ ಪುಟದ ಓದುಗನಿಗೆ ಹಿಮ್ಮೇಳವಿಲ್ಲ. ಕೇಳಿದ್ದನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಯಜಮಾನಿಕೆಯ ರೂಪ ಉಳಿದು ತಿರುಳು ಬದಲಾದಾಗ ಸಮುದಾಯ ಅದನ್ನು ಹೇಗೆ ಅರಿಯಬೇಕು ಎಂಬ ಪ್ರಶ್ನೆಯನ್ನು ಅವನು ಒಬ್ಬನೇ ಹೊರಬೇಕು.

ಜಾನಪದವನ್ನು ಆಧುನಿಕ ಕಾವ್ಯದ ಅಲಂಕಾರಸಾಮಗ್ರಿಯೆಂದು ಭಾವಿಸುವ ವಿಮರ್ಶೆಗೆ ಈ ಕೃತಿ ಸಮರ್ಥ ಉತ್ತರ. ಲಾವಣಿಯನ್ನು ಕಳಚಿದರೆ ಇಲ್ಲಿ ಒಂದು ಕಥೆ ಉಳಿದೀತು, ಕವಿತೆ ಉಳಿಯಲಾರದು.